ಪದಚರ್ಚೆ: ನೀರಲ್ಲಿ ಮುಳುಗಿ ಕೊಳೆತ ಮರದ ಶಿಲೀಂಧ್ರ, ಲೋಳೆಪೊರೆ, ಉಪಾಂಗ

ನಮಸ್ಕಾರ. ಸಿಹಿನೀರಿನಲ್ಲಿ ಮುಳುಗಿ ಕೊಳೆಯುತ್ತಿರುವ ಮರದ ಮೇಲೆ ಬೆಳೆಯುವ ಶಿಲೀಂಧ್ರಗಳನ್ನು ಗುರುತಿಸುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ನಾಳೆ ಬೆಳಗ್ಗೆ ಪುಟವಿನ್ಯಾಸಕ್ಕೆ ಕೊಡಬೇಕು. ಈ ಗುಂಪಿಗೆ ಕರಡಿನಲ್ಲಿ 'ಕಾಷ್ಠವಾಸಿ ಸಿಹಿನೀರ ಶಿಲೀಂಧ್ರ' ಅಂತಿದೆ, ಇದಕ್ಕಿಂತ ಚಿಕ್ಕದು ಬೇಕು. ಬೀಜಾಣುವಿನ ಸುತ್ತಲಿನ ಲೋಳೆಯ ಹೊದಿಕೆಗೆ 'ಲೋಳೆಪೊರೆ', ಅದರ ತುದಿಯಿಂದ ಬಿಚ್ಚಿಕೊಳ್ಳುವ ಎಳೆಗೆ 'ಉಪಾಂಗ' ಎಂದು ಹಾಕಿದ್ದೇನೆ. ಸರಿಯೇ? ಆಸ್ಕಸ್ (ಬೀಜಾಣುಗಳಿರುವ ಚೀಲ), ಹೋಲೋಟೈಪ್ (ಪ್ರಭೇದದ ಹೆಸರಿಗೆ ಆಧಾರವಾದ ನಮೂನೆ) ಹಾಗೇ ಉಳಿಸಿದ್ದೇನೆ.

ಉತ್ತರ 1

ಕಾಷ್ಠ ತೆಗೆಯಿರಿ. ಕೊರಡು ಇದೆ, ವಚನಗಳ ಕಾಲದಿಂದ ಬಳಕೆಯಲ್ಲಿದೆ. ಕೊಳೆತ ಮರಕ್ಕೆ 'ಕುಂಬು' ಎಂಬ ಅಚ್ಚಗನ್ನಡ ಪದವೇ ಇರುವಾಗ ಮೂರು ಪದಗಳ ಸಾಲು ಯಾಕೆ? ಶಿಲೀಂಧ್ರವೂ ಸರಿಯಲ್ಲ. ಸಂಸ್ಕೃತ ಕಾವ್ಯಗಳಲ್ಲಿ ಅದು ಮಳೆಗಾಲಕ್ಕೆ ನೆಲ ಸೀಳಿ ಮೇಲೇಳುವ ಅಣಬೆ. ನೀರೊಳಗಿನ ಜೀವಿಗೆ ಆ ಹೆಸರಿಟ್ಟರೆ ಮೂಲಾರ್ಥಕ್ಕೇ ವಿರುದ್ಧ. 'ಕುಂಬುಬೂಷ್ಟು' ಎನ್ನಿ, ಮುಗಿಯಿತು.

ಉತ್ತರ 2

ಮುಗಿಯಲಿಲ್ಲ. ಕುಂಬಾದ ಮರ ಎಂದರೆ ಮುಟ್ಟಿದರೆ ಪುಡಿಯಾಗಿ ಉದುರುವಂಥದ್ದು. ಮುಳುಗಿದ ಮರದಲ್ಲಿ ಆಮ್ಲಜನಕ ಕಡಿಮೆ, ಅಲ್ಲಿ ಹೆಚ್ಚಾಗಿ ನಡೆಯುವುದು ಮೆದುಕೊಳೆತ: ಮೇಲ್ಮೈ ಮೆತ್ತಗಾಗುತ್ತದೆ, ಜೀವಕೋಶಭಿತ್ತಿಯಲ್ಲಿ ಸಣ್ಣ ಪೊಳ್ಳುಗಳು ಮೂಡುತ್ತವೆ, ಒಳಮರ ಬಹುಕಾಲ ಗಟ್ಟಿಯಾಗೇ ಇರುತ್ತದೆ. ಕುಂಬಾದ ಮರ ಹುಡುಕುತ್ತ ಹೋದವರು ಸರಿಯಾದ ತುಂಡನ್ನೇ ಬಿಟ್ಟು ಬರುತ್ತಾರೆ.

ಬೂಷ್ಟು ಇನ್ನೂ ಅಪಾಯ. ತಂದ ತುಂಡುಗಳನ್ನು ತೊಳೆದು, ಒದ್ದೆ ಕಾಗದ ಹಾಸಿದ ಮುಚ್ಚಿದ ಡಬ್ಬಿಯಲ್ಲಿ ಕೋಣೆಯ ಉಷ್ಣತೆಯಲ್ಲಿಟ್ಟು, ಒಂದು ವಾರದ ನಂತರ ಶುರುಮಾಡಿ ತಿಂಗಳುಗಟ್ಟಲೆ ಆಗಾಗ ನೋಡಬೇಕು. ಹುಡುಕುವುದು ಮರದಲ್ಲಿ ಅರ್ಧ ಹುದುಗಿದ, ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಕಪ್ಪು ಚುಕ್ಕಿಗಳನ್ನು, ಬೀಜಾಣು ಇರುವುದು ಅವುಗಳಲ್ಲೇ. ಡಬ್ಬಿಯಲ್ಲಿ ನೀರು ನಿಂತರೆ ಟ್ರೈಕೋಡರ್ಮಾ ಎಂಬ ಬೇರೊಂದು ಶಿಲೀಂಧ್ರ ಹಸಿರಾಗಿ ಹಬ್ಬಿ ಎಲ್ಲವನ್ನೂ ಮುಚ್ಚುತ್ತದೆ. ಬೂಷ್ಟು ಅಂದರೆ ಅದು. ಬೇಡವಾದದ್ದರ ಹೆಸರನ್ನೇ ಬೇಕಾದದ್ದಕ್ಕೆ ಇಟ್ಟರೆ ಹೊಸಬರು ಏನು ಮಾಡಬೇಕು?

ಲೋಳೆಪೊರೆ ಖಂಡಿತ ಬೇಡ. ಅದು ಮೂಗು, ಕರುಳಿನ ಒಳಪದರಕ್ಕೆ ಆಗಲೇ ನಿಂತುಹೋದ ಪದ. ಇಲ್ಲಿರುವುದು ಪೊರೆಯೇ ಅಲ್ಲ, ನೀರು ಹೀರಿ ಉಬ್ಬುವ ಲೋಳೆ. ಪಕ್ಕದಲ್ಲಿ ಇಂಡಿಯನ್ ಇಂಕ್ ಬಿಟ್ಟರೆ ಕಪ್ಪು ಹಿನ್ನೆಲೆಯಲ್ಲಿ ಬೀಜಾಣುವಿನ ಸುತ್ತ ತಿಳಿಯಾದ ವಲಯ ಕಾಣುತ್ತದೆ, ಅಷ್ಟೇ. 'ಲೋಳೆಹೊದಿಕೆ' ಸಾಕು.

ಉಪಾಂಗ ಎಂದರೆ ಪ್ರಾಣಿಶಾಸ್ತ್ರದವರಿಗೆ ಕಾಲು, ಮೀಸೆ. 'ತಂತು' ಎಂದರೆ ಕವಕಜಾಲದ, ಅಂದರೆ ಶಿಲೀಂಧ್ರದ ದೇಹವಾದ ಬಲೆಯ, ಎಳೆ. 'ತುದಿಯೆಳೆ' ಎನ್ನಿ. ಈ ಎಳೆ ಮೊದಲು ಬೀಜಾಣುವಿನ ತುದಿಗೆ ಟೋಪಿಯಂತೆ ಸುತ್ತಿಕೊಂಡಿರುತ್ತದೆ, ನೀರು ತಾಗಿದ ಮೇಲೆ ಬಿಚ್ಚಿಕೊಂಡು ಬೀಜಾಣುವಿನ ಹಲವು ಪಟ್ಟು ಉದ್ದವಾಗುತ್ತದೆ. ಆದ್ದರಿಂದ ಸ್ಲೈಡನ್ನು ಮೊದಲು ನೀರಿನಲ್ಲೇ ಮಾಡಿ, ಅಳತೆ, ಚಿತ್ರ ಎರಡೂ ಆಗಲೇ ಮುಗಿಸಬೇಕು. ನೇರವಾಗಿ ಲ್ಯಾಕ್ಟೋಫೀನಾಲ್ (ಸ್ಲೈಡ್ ಕಾಪಿಡುವ ದ್ರವ) ಹಾಕಿದವರಿಗೆ ಟೋಪಿ ಮಾತ್ರ ಕಾಣುತ್ತದೆ, ಜಾತಿಯೇ ತಪ್ಪಾಗುತ್ತದೆ. ಪದದ ಪಕ್ಕದಲ್ಲೇ ಈ ಸೂಚನೆ ಅಚ್ಚಾಗಲಿ.

ಉತ್ತರ 3

'ತುದಿಯೆಳೆ' ಚೆನ್ನಾಗಿದೆ, ಆದರೆ ಕೆಲವಕ್ಕೆ ಎಳೆ ಬದಿಯಿಂದಲೂ ಬರುತ್ತದೆ. ಬರೀ 'ಚಾಚೆಳೆ' ಎಂದರೆ ಎರಡಕ್ಕೂ ಆಗುತ್ತದೆ.

ಹೋಲೋಟೈಪ್ ಯಾಕೆ ಉಳಿಸಿದಿರಿ? 'ಮೂಲಮಾದರಿ' ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಉತ್ತರ 2

ಚಾಚೆಳೆ ಒಪ್ಪಿದೆ.

ಮೂಲಮಾದರಿ ಒಪ್ಪುವುದಿಲ್ಲ. 'ಮಾದರಿ' ಎಂದರೆ ಆ ಪ್ರಭೇದವನ್ನು ಚೆನ್ನಾಗಿ ಪ್ರತಿನಿಧಿಸುವ ನಮೂನೆ ಎಂದೇ ಓದುತ್ತಾರೆ. ಹೋಲೋಟೈಪ್ ಹಾಗಿರಬೇಕಾಗಿಲ್ಲ. ಅದು ಹೆಸರನ್ನು ಕಟ್ಟಿಹಾಕಿದ ಒಂದೇ ಒಂದು ನಮೂನೆ, ಸಾಮಾನ್ಯವಾಗಿ ಹರ್ಬೇರಿಯಂನಲ್ಲಿಟ್ಟ (ಒಣ ನಮೂನೆಗಳ ಸಂಗ್ರಹದಲ್ಲಿಟ್ಟ) ಒಣಗಿದ ಮರದ ತುಂಡು. ಪ್ರಯೋಗಾಲಯದಲ್ಲಿ ಬೆಳೆಯುತ್ತಿರುವ ಕಲ್ಚರ್ ಹೋಲೋಟೈಪ್ ಆಗುವುದಿಲ್ಲ, ಚಟುವಟಿಕೆ ನಿಲ್ಲಿಸಿ ಕಾಪಿಟ್ಟದ್ದು ಆಗಬಹುದು. 2013ರ ಜನವರಿ 1ರಿಂದ ಹೊಸ ಶಿಲೀಂಧ್ರದ ಹೆಸರಿಗೆ ಮೈಕೋಬ್ಯಾಂಕ್‌ನಂಥ ನೋಂದಣಿ ಕೋಶದ ಸಂಖ್ಯೆಯೂ ಕಡ್ಡಾಯ, ಇಲ್ಲದಿದ್ದರೆ ಹೆಸರೇ ಅಸಿಂಧು. ಇದು ಕಾನೂನಿನ ಪದ. ಮುಟ್ಟಬೇಡಿ.

ಉತ್ತರ 1

ಹೈಕೋರ್ಟಿನ ಪದಗಳೂ ಕಾನೂನಿನವೇ. 'ವಾದಿ', 'ಪ್ರತಿವಾದಿ' ಎಂದರೆ ತೀರ್ಪು ಬದಲಾಯಿತೇ? ಎರವಲು ತಂದದ್ದಕ್ಕೆಲ್ಲ ನಿಖರತೆಯ ನೆಪ ಹೇಳುವುದು ಹಳೆಯ ಚಾಳಿ.

ಉತ್ತರ 4

ಎರವಲಿನ ಜಗಳ ಬೇರೆ ಚರ್ಚೆಯಲ್ಲಿ ಮಾಡಿ, ಕೇಳಿದವರಿಗೆ ನಾಳೆ ಬೆಳಗ್ಗೆಯೊಳಗೆ ಪದ ಬೇಕು. ಶೀರ್ಷಿಕೆಗೆ 'ಮುಳುಗುಮರದ ಶಿಲೀಂಧ್ರಗಳು', ಅಡಿಯಲ್ಲಿ ಸಣ್ಣಕ್ಷರದಲ್ಲಿ 'ಸಿಹಿನೀರು' ಎಂದಿರಲಿ. ಮ್ಯಾಂಗ್ರೋವ್ ಮರಗಳ ಮೇಲಿನವು ಉಪ್ಪುನೀರಿನ ಗುಂಪು, ಅವುಗಳಿಂದ ಬೇರೆ ಮಾಡಲು ಆ ಪದ ಬಿಡಕೂಡದು. ಕರಡಿನಲ್ಲಿ ಎಲ್ಲಾದರೂ ಸಿಹಿನೀರಿಗೆ 'ತಾಜಾ ನೀರು' ಎಂಬ ಪದಶಃ ಅನುವಾದ ನುಸುಳಿದ್ದರೆ ಹುಡುಕಿ ತೆಗೆಯಿರಿ. ಇನ್ನೊಂದು: ಅಯೋಡಿನ್ ಇರುವ ಮೆಲ್ಜರ್ ದ್ರಾವಣ ಹಾಕಿ ಆಸ್ಕಸ್‌ನ ತುದಿಯುಂಗುರ ನೀಲಿಯಾಗುತ್ತದೆಯೇ ಎಂದು ನೋಡುವ ಕಡೆ 'ಬಣ್ಣ ಬರಲಿಲ್ಲ' ಎಂದು ಬರೆದಿದ್ದರೆ 'ನೀಲಿಯಾಗಲಿಲ್ಲ' ಎಂದು ತಿದ್ದಿ. ಕೆಲವು ಕೆಂಗಂದಾಗುತ್ತವೆ, ಅದೂ ಲಕ್ಷಣವೇ.