ಫೈನಲ್‌ನಲ್ಲಿ ಕೈಕೊಟ್ಟ ಮೇಲೆ ಮತ್ತೆ ಟ್ರ್ಯಾಕ್‌ಗೆ ಇಳಿಯೋದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು: 800 ಮೀಟರ್ ಓಟಗಾರ್ತಿ, ಬಿ.ಕಾಂ. ಮೊದಲ ವರ್ಷ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ರಾಜ್ಯ ಜೂನಿಯರ್ ಮೀಟ್‌ನಲ್ಲಿ 800 ಮೀಟರ್ (ಟ್ರ್ಯಾಕಿನ ಎರಡು ಲ್ಯಾಪ್) ಫೈನಲ್ ಓಡಿದೆ. ನನ್ನ ಬೆಸ್ಟ್ 2:14, ಅಂದರೆ 2 ನಿಮಿಷ 14 ಸೆಕೆಂಡ್. ಫೈನಲ್‌ಗೆ ಮೊದಲಿನ ಅರ್ಹತಾ ಸುತ್ತಾದ ಹೀಟ್ಸ್‌ನಲ್ಲಿ ಆರಾಮಾಗಿ ಮೊದಲು ಬಂದಿದ್ದೆ. ಮೆಡಲ್ ಗ್ಯಾರಂಟಿ ಅಂತ ಹಾಸ್ಟೆಲ್‌ನಲ್ಲಿ, ಮನೆಯಲ್ಲಿ, ಊರಲ್ಲಿ ಎಲ್ಲರೂ ಹೇಳಿಬಿಟ್ಟಿದ್ದರು. ಫೈನಲ್‌ನಲ್ಲಿ ಮೊದಲ ಲ್ಯಾಪ್ 62 ಸೆಕೆಂಡಿಗೆ ಮುಗಿಯಿತು. 500 ದಾಟುತ್ತಿದ್ದಂತೆ ಕಾಲು ಕಟ್ಟಿಹೋಯಿತು. ಒಬ್ಬೊಬ್ಬರೇ ಪಕ್ಕದಿಂದ ಮುಂದೆ ಹೋದರು. 2:23, ಏಳನೇ ಸ್ಥಾನ.

ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಯಾರೋ ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ದಾರೆ. ಅಪ್ಪ ಒಂದು ಮಾತೂ ಆಡಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ ನೋಯಿಸುತ್ತಿದೆ. ಮುಂದಿನ ತಿಂಗಳು ಯೂನಿವರ್ಸಿಟಿ ಮೀಟ್ ಇದೆ. ಸ್ಪೈಕ್ಸ್ (ಮೊಳೆ ಇರುವ ಓಟದ ಶೂ) ನೋಡಿದರೇ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇಂಥದ್ದನ್ನು ದಾಟಿ ಬಂದವರು ಏನು ಮಾಡಿದಿರಿ?

ಮಾಜಿ ಹರ್ಡಲ್ಸ್ ಓಟಗಾರ್ತಿ, ಈಗ ಪಿಇ ಟೀಚರ್, ದಕ್ಷಿಣ ಕನ್ನಡ

ನಿನಗೆ ಈಗ ಎರಡು ಕೆಲಸ ಇದೆ. ಒಂದು ದುಃಖಪಡೋದು, ಇನ್ನೊಂದು ಓಟದ ಲೆಕ್ಕ ನೋಡೋದು. ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡ. ರಾತ್ರಿ ಮಲಗಿಕೊಂಡು ‘62ಕ್ಕೆ ಯಾಕೆ ಹೋದೆ’ ಅಂತ ನೂರು ಸಲ ಕೇಳಿಕೊಂಡರೆ ಅಳುವೂ ಮುಗಿಯುವುದಿಲ್ಲ, ಲೆಕ್ಕವೂ ಸಿಗುವುದಿಲ್ಲ. ಸುಮ್ನೆ ನಿದ್ದೆ ಹಾಳು.

ನಾನು 400 ಮೀಟರ್ ಹರ್ಡಲ್ಸ್ ಓಡುತ್ತಿದ್ದೆ. ಮಂಗಳಾ ಸ್ಟೇಡಿಯಂನಲ್ಲಿ ಒಂದು ಫೈನಲ್. ಎಂಟನೇ ಹರ್ಡಲ್‌ಗೆ ಕಾಲು ತಾಗಿ ಬಿದ್ದೆ. ಎದ್ದು ಕೊನೆಯವಳಾಗಿ ಮುಗಿಸಿದೆ. ಗ್ಯಾಲರಿ ಕೆಳಗೆ ಬಂದು ಕೂತಾಗ ಎದೆಯ ಮೇಲಿನ ನಂಬರ್ ಚೀಟಿ, ಬಿಬ್, ಬಿಚ್ಚಲು ಆಗುತ್ತಿರಲಿಲ್ಲ. ಬೆರಳು ನಡುಗುತ್ತಿತ್ತು, ಸೇಫ್ಟಿ ಪಿನ್ ಕೈಗೆ ಸಿಗುತ್ತಿರಲಿಲ್ಲ. ನಮ್ಮ ರಿಲೇ ಟೀಮಿನ ಹುಡುಗಿಯೊಬ್ಬಳು ಬಂದು ನಾಲ್ಕೂ ಪಿನ್ ಒಂದೊಂದಾಗಿ ತೆಗೆದಳು. ಬಿಬ್ ಮಡಚಿ ನನ್ನ ಬ್ಯಾಗಿಗೆ ಹಾಕಿದಳು. ‘ಪರವಾಗಿಲ್ಲ’ ಅನ್ನಲಿಲ್ಲ. ‘ಮುಂದಿನ ಸಲ ಗೆಲ್ಲುತ್ತೀಯ’ ಅಂತಲೂ ಅನ್ನಲಿಲ್ಲ. ಮೊಣಕಾಲಿನ ಗಾಯಕ್ಕೆ ಬಾಟಲಿಯ ನೀರು ಹಾಕಿ ತೊಳೆದಳು, ಆಮೇಲೆ ಊಟಕ್ಕೆ ಎಬ್ಬಿಸಿಕೊಂಡು ಹೋದಳು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಸೋತು ಬಂದ ಮಕ್ಕಳ ಹತ್ತಿರ ನಾನೂ ಹಾಗೇ ಇರಲು ನೋಡುತ್ತೇನೆ. ನಿನ್ನ ಹಾಸ್ಟೆಲ್‌ನಲ್ಲೂ ಅಂಥವಳು ಒಬ್ಬಳು ಇರುತ್ತಾಳೆ. ಅವಳ ಜೊತೆ ಇರು, ಅಳು ಬಂದರೆ ಅಳು.

ಊರಿನ ಗ್ರೂಪನ್ನು ಮ್ಯೂಟ್ ಮಾಡಿಬಿಡು. ವಿಡಿಯೋವನ್ನು ಒಬ್ಬಳೇ ನೋಡಬೇಡ. ಮನಸ್ಸು ಸ್ವಲ್ಪ ತಣ್ಣಗಾದ ಮೇಲೆ, ಹಗಲು ಹೊತ್ತಿನಲ್ಲಿ, ಕೋಚ್ ಪಕ್ಕದಲ್ಲಿ ಕೂತು ನೋಡು.

ನನ್ನ ಈವೆಂಟ್ ಆದ್ದರಿಂದ ಪಿ.ಟಿ. ಉಷಾ ಅವರ ಮಾತು ಎತ್ತದೇ ಇರಲು ಆಗುವುದಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅವರ ಟೈಮ್ 55.42. ಕಂಚು ಗೆದ್ದ ರೊಮೇನಿಯಾದ ಓಟಗಾರ್ತಿಯದು 55.41. ಸೆಕೆಂಡಿನ ನೂರನೇ ಒಂದು ಭಾಗ! ಇಡೀ ದೇಶ ಇವತ್ತಿಗೂ ಆ ನಾಲ್ಕನೇ ಸ್ಥಾನದ ಬಗ್ಗೆ ಮಾತಾಡುತ್ತದೆ. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಐದು ಚಿನ್ನ, ಒಂದು ಕಂಚು ಗೆದ್ದರು. ಆ ನೋವು ಅವರಿಗೆ ಪೂರ್ತಿ ಹೋಗಿತ್ತು ಅಂತ ನಾನು ಹೇಳುತ್ತಿಲ್ಲ. ನೋವು ಇರುವಾಗಲೂ ಓಡಬಹುದು ಅಂತ ಹೇಳುತ್ತಿದ್ದೇನೆ.

ಮಧ್ಯಮ ದೂರದ ಕೋಚ್, ಮೈಸೂರು

ಟೀಚರ್ ಹೇಳಿದ್ದು ಸರಿ. ಅಳು ಮುಗಿದ ಮೇಲೆ ಈ ಲೆಕ್ಕ ಓದಮ್ಮ, ಇವತ್ತೇ ಓದಬೇಕು ಅಂತೇನಿಲ್ಲ.

2:14 ಅಂದರೆ ಲ್ಯಾಪಿಗೆ ಸರಾಸರಿ 67. 800ರಲ್ಲಿ ಮೊದಲ ಲ್ಯಾಪ್ ಸ್ವಲ್ಪ ಬೇಗ ಇರೋದು ಮಾಮೂಲು, ನಿನಗೆ 65–66 ಆದರೆ ಚೆನ್ನ. ನೀನು 62ಕ್ಕೆ ಹೋದೆ. ಎರಡನೇ ಲ್ಯಾಪ್ 81 ಆಯಿತು. ಮೊದಲ ಲ್ಯಾಪಿನಲ್ಲಿ ಮಾಡಿದ ಸಾಲವನ್ನು 500ರಿಂದಾಚೆ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ, ಈ ಓಟ ಇರೋದೇ ಹಾಗೆ. ಇದಕ್ಕೂ ನಿನ್ನ ಧೈರ್ಯಕ್ಕೂ ಸಂಬಂಧ ಇಲ್ಲ. ‘ಅವಳಿಗೆ ಪ್ರೆಷರ್ ತಡೆಯೋಕೆ ಆಗಲ್ಲ’ ಅಂತ ಯಾರಾದರೂ ಅಂದರೆ ತಲೆಗೆ ಹಾಕಿಕೊಳ್ಳಬೇಡ. ಆ ವೇಗದಲ್ಲಿ ಹೋದರೆ ಎಷ್ಟೇ ಗಟ್ಟಿ ಮನಸ್ಸಿನವರ ಕಾಲೂ ಕಟ್ಟುತ್ತದೆ.

ಪ್ರೆಷರ್ ಕೆಲಸ ಮಾಡಿದ್ದು ಮೊದಲ 200 ಮೀಟರ್‌ನಲ್ಲಿ. ಫೈನಲ್‌ನ ಉದ್ವೇಗದಲ್ಲಿ ಜೋರಾದ ವೇಗವೂ ಹಗುರ ಅನ್ನಿಸುತ್ತದೆ. ಜೊತೆಗೆ ಬ್ರೇಕ್ ಲೈನ್ (ಇಲ್ಲಿಂದ ಎಲ್ಲರೂ ತಮ್ಮ ಲೇನ್ ಬಿಟ್ಟು ಒಳಗೆ ಬರಬಹುದು) ದಾಟಿದ ಕೂಡಲೇ ಒಳಗೆ ಸಿಕ್ಕಿಹಾಕಿಕೊಳ್ಳುತ್ತೇನೆ ಅನ್ನುವ ಭಯ. ಅದಕ್ಕೇ ಎಲ್ಲರೂ ನುಗ್ಗುತ್ತಾರೆ. ಎರಡನೇ ಲೇನಿನಲ್ಲಿ ಒಂದು ಪೂರ್ತಿ ಲ್ಯಾಪ್ ಓಡಿದರೆ ಸುಮಾರು 7 ಮೀಟರ್ ಜಾಸ್ತಿ ಆಗುತ್ತದೆ, ನಿಜ. ಆದರೆ ಒಂದು ತಿರುವಿನಲ್ಲಿ ಹೊರಗಿದ್ದರೆ ಅದರ ಅರ್ಧ ಮಾತ್ರ. ಮೂರೂವರೆ ಮೀಟರ್ ಉಳಿಸಲು ಹೋಗಿ ನಾಲ್ಕು ಸೆಕೆಂಡ್ ಬೇಗ ಓಡಬೇಕಾ?

ನಮ್ಮ ಮಕ್ಕಳಿಗೆ ಚಾಮುಂಡಿ ವಿಹಾರ ಸ್ಟೇಡಿಯಂನಲ್ಲಿ ನಾನು ಮಾಡಿಸೋದು ಇಷ್ಟು. ವಾಚ್ ಬಿಚ್ಚಿಟ್ಟು 200 ಮೀಟರ್ ಓಡು. ನಿಂತ ಕೂಡಲೇ ಎಷ್ಟಾಯಿತು ಅಂತ ನೀನೇ ಹೇಳು. ಆಮೇಲೆ ನನ್ನ ವಾಚ್ ನೋಡು. ಮೊದಮೊದಲು ಎರಡು ಸೆಕೆಂಡ್ ಆಚೆ ಈಚೆ ಹೇಳುತ್ತಾರೆ. ಕೆಲವೇ ವಾರದಲ್ಲಿ 33 ಅಂದರೆ 33 ಇರುತ್ತದೆ. ಕಾಲಿಗೆ ವೇಗ ಗೊತ್ತಾದರೆ ಗ್ಯಾಲರಿಯ ಕೂಗು ಅಷ್ಟು ಸುಲಭವಾಗಿ ಎಳೆದುಕೊಂಡು ಹೋಗುವುದಿಲ್ಲ.

ಇನ್ನೊಂದು, ಇದನ್ನು ಬಿಡಬೇಡ. ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್ ಜೊತೆ, ದೇಹದಲ್ಲಿ ಕಬ್ಬಿಣ ಎಷ್ಟು ಶೇಖರವಾಗಿದೆ ಅಂತ ತೋರಿಸುವ ಫೆರಿಟಿನ್ ಕೂಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಓಡುವ ಹುಡುಗಿಯರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಮನಸ್ಸನ್ನು ದೂರುವ ಮೊದಲು ರಕ್ತ ನೋಡಬೇಕು. ಮುಟ್ಟು ತಪ್ಪುತ್ತಿದ್ದರೆ ಅದನ್ನೂ ಡಾಕ್ಟರ್‌ಗೆ ಹೇಳು, ನಾಚಿಕೆ ಬೇಡ.

ಈಜುಗಾರನ ತಾಯಿ, ಬೆಂಗಳೂರು

ನಿನ್ನ ಅಪ್ಪನ ಬಗ್ಗೆ ಬರೆಯಬೇಕು ಅನ್ನಿಸಿತು. ಬೆಳಗ್ಗೆ ಐದು ಗಂಟೆಗೆ ಈಜುಕೊಳದ ಹೊರಗೆ ಫ್ಲಾಸ್ಕ್ ಹಿಡಿದು ಕೂರುವ ಅಪ್ಪ ಅಮ್ಮಂದಿರನ್ನು ದಿನಾ ನೋಡುತ್ತೇನೆ. ಮಗು ಸೋತಾಗ ಸುಮ್ಮನಾಗುವವರಲ್ಲಿ ಹೆಚ್ಚಿನವರಿಗೆ ಕೋಪ ಇರುವುದಿಲ್ಲ. ಏನು ಹೇಳಿದರೆ ನೋವಾಗುತ್ತದೋ ಅನ್ನುವ ಹೆದರಿಕೆ. ನೀನೇ ಒಂದು ಸಲ ಹತ್ತಿರ ಹೋಗಿ ಹೇಳು: ‘ಅಪ್ಪ, ಓಟದ ಬಗ್ಗೆ ಈಗ ಬೇಡ. ಆದರೆ ಮಾತಾಡಿ.’ ಏನು ಬೇಕು ಅಂತ ಬಾಯಿಬಿಟ್ಟು ಹೇಳಿದರೆ ದೊಡ್ಡವರಿಗೂ ದಾರಿ ಸಿಗುತ್ತದೆ.

ನಮ್ಮನೆಯಲ್ಲಿ ಒಂದು ನಿಯಮ ಇದೆ. ಮೀಟ್ ಮುಗಿಸಿ ಕಾರಿನಲ್ಲಿ ಬರುವಾಗ ಟೈಮಿಂಗ್ ವಿಷಯ ನಾವು ಎತ್ತುವ ಹಾಗಿಲ್ಲ. ಮಗನೇ ಎತ್ತಿದರೆ ಕೇಳಿಸಿಕೊಳ್ಳುತ್ತೇವೆ. ದಾರಿಯಲ್ಲಿ ದೋಸೆ ತಿನ್ನುತ್ತೇವೆ, ಗೆದ್ದಾಗಲೂ ಅದೇ ಹೋಟೆಲ್, ಸೋತಾಗಲೂ ಅದೇ ಹೋಟೆಲ್.

ನನ್ನ ಮಗನಿಗೆ ನಾನು ಹೇಳೋದು ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಕಥೆ. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ 53.77ಕ್ಕೆ ಈಜಿ ಒಲಿಂಪಿಕ್ಸ್‌ಗೆ ನೇರ ಪ್ರವೇಶದ ‘ಎ’ ಅರ್ಹತೆ ಪಡೆದರು. ಮುಂದಿನ ತಿಂಗಳು ಟೋಕಿಯೋದಲ್ಲಿ ಆಗಿದ್ದು 54.31. ಒಟ್ಟಾರೆ 27ನೇ ಸ್ಥಾನ, ಸೆಮಿಫೈನಲ್ ಇಲ್ಲ. ದೇಶದ ಬೆಸ್ಟ್ ಈಜುಗಾರನಿಗೂ ಅತಿ ದೊಡ್ಡ ದಿನ ತನ್ನ ಬೆಸ್ಟ್ ಟೈಮ್ ಬರಲಿಲ್ಲ. ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅದೇ ಈವೆಂಟಿನ ಫೈನಲ್‌ನಲ್ಲಿ ಅವರಿದ್ದರು.

1500 ಮೀಟರ್ ಓಟಗಾರ, ಧಾರವಾಡ

ನನಗೆ ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಇಷ್ಟೆಲ್ಲ ಯೋಚನೆ ಮಾಡುತ್ತಾ ಕೂತರೆ ಭಯ ಬೇರು ಬಿಡುತ್ತದೆ. ಆದಷ್ಟು ಬೇಗ ಇನ್ನೊಂದು ರೇಸ್ ಓಡಬೇಕು. ಉಸೇನ್ ಬೋಲ್ಟ್ 2011ರಲ್ಲಿ ದೇಗು ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ ಫಾಲ್ಸ್ ಸ್ಟಾರ್ಟ್ ಮಾಡಿ ಹೊರಬಿದ್ದರು. ಇಡೀ ಜಗತ್ತು ನೋಡಿತು. ಅದೇ ಕೂಟದಲ್ಲಿ, ಒಂದು ವಾರದೊಳಗೆ, 200 ಮೀಟರ್‌ನಲ್ಲಿ 19.40ಕ್ಕೆ ಚಿನ್ನ ಗೆದ್ದರು. ನಾನೂ ಕೆಟ್ಟ ರೇಸ್ ಆದ ಮೇಲೆ ಹತ್ತಿರದಲ್ಲಿ ಎಲ್ಲಾದರೂ ಊರಹಬ್ಬದ ಓಟ, ದಸರಾ ಓಟ ಇದೆಯಾ ನೋಡಿ ಹೆಸರು ಕೊಡುತ್ತೇನೆ. ಅಲ್ಲಿ ನನ್ನ ಬೆಸ್ಟ್ ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ. ಸುಮ್ನೆ ಓಡಬಹುದು.

ಮೈಸೂರಿನ ಕೋಚ್

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಬೋಲ್ಟ್ ಆ ಫೈನಲ್ ಓಡಲೇ ಇಲ್ಲ. ಅವರ ಕಾಲು ದಣಿದಿರಲಿಲ್ಲ. ಈ ಹುಡುಗಿ ಹೀಟ್ಸ್ ಓಡಿ, ಫೈನಲ್‌ನಲ್ಲಿ ಪೂರ್ತಿ ಖಾಲಿಯಾಗಿ, ವಾರವಿಡೀ ನಿದ್ದೆಗೆಟ್ಟಿದ್ದಾಳೆ. ಇವಳಿಗೆ ಹತ್ತಿರದ ಉದಾಹರಣೆ ಅವಿನಾಶ್ ಸಾಬ್ಳೆ.

2022ರ ಜುಲೈನಲ್ಲಿ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನ 3000 ಮೀಟರ್ ಸ್ಟೀಪಲ್‌ಚೇಸ್ (ಅಡೆತಡೆ, ನೀರಿನ ಹೊಂಡ ದಾಟುವ ಓಟ) ಫೈನಲ್‌ನಲ್ಲಿ ನಮ್ಮ ದೇಶದ ಸಾಬ್ಳೆ 11ನೇ ಸ್ಥಾನ, 8:31.75. ಅವರ ಆಗಿನ ರಾಷ್ಟ್ರೀಯ ದಾಖಲೆ 8:12.48. ಹತ್ತೊಂಬತ್ತು ಸೆಕೆಂಡ್ ನಿಧಾನ! ಆ ಫೈನಲ್ ಶುರುವಿನಲ್ಲಿ ತುಂಬಾ ನಿಧಾನವಾಗಿ ಹೋಗಿ ಕೊನೆಯಲ್ಲಿ ಒಮ್ಮೆಲೇ ವೇಗ ಪಡೆಯಿತು. ಮೂರು ವಾರ ತುಂಬುವ ಮೊದಲೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದೇ ಮನುಷ್ಯ 8:11.20 ಓಡಿ ಬೆಳ್ಳಿ ಗೆದ್ದರು, ಚಿನ್ನ ಗೆದ್ದ ಕೀನ್ಯಾದ ಓಟಗಾರನಿಗಿಂತ ಬರೀ 0.05 ಸೆಕೆಂಡ್ ಹಿಂದೆ. 2023ರಲ್ಲಿ ಮತ್ತೆ ಅದೇ ಕಥೆ. ಆಗಸ್ಟ್‌ನಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫೈನಲ್‌ಗೇ ಹೋಗಲಿಲ್ಲ, ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಕೆಲವೇ ವಾರದಲ್ಲಿ ಓಟಗಾರನ ಶಕ್ತಿ ಅಷ್ಟು ಏರಿಳಿಯುವುದಿಲ್ಲ. ಬದಲಾಗಿದ್ದು ರೇಸ್ ನಡೆದ ರೀತಿ. ಹಾಗಾಗಿ ಒಂದು ಫೈನಲ್ ನೋಡಿ ‘ನಾನು ಇಷ್ಟೇ’ ಅಂತ ತೀರ್ಮಾನ ಮಾಡೋದು ಲೆಕ್ಕದಲ್ಲೇ ತಪ್ಪು.

ಆಪ್ತ ಸಮಾಲೋಚಕಿ, ಕ್ರೀಡಾಪಟುಗಳ ಜೊತೆ ಕೆಲಸ, ಬೆಂಗಳೂರು

ಸ್ಪೈಕ್ಸ್ ನೋಡಿದರೆ ಹೊಟ್ಟೆ ಸಂಕಟ ಅಂದೆಯಲ್ಲ, ಅದರ ಬಗ್ಗೆ. ದೇಹ ಓಟಕ್ಕೆ ಸಜ್ಜಾಗುವಾಗ ಅಡ್ರಿನಲಿನ್ ಏರುತ್ತದೆ. ರಕ್ತ ಹೊಟ್ಟೆಯಿಂದ ಕಾಲಿನ ಕಡೆ ಹೋಗುತ್ತದೆ, ಎದೆ ಬಡಿತ ಜೋರಾಗುತ್ತದೆ, ಕೈ ತಣ್ಣಗಾಗುತ್ತದೆ. ಗೆಲ್ಲುವವರಿಗೂ ಹೀಗೇ ಆಗುತ್ತದೆ. ಇದನ್ನು ಪೂರ್ತಿ ನಿಲ್ಲಿಸಲು ಹೋಗಬೇಡ, ಆಗುವುದೂ ಇಲ್ಲ. ಉಸಿರು ಬಿಡೋದನ್ನು ಎಳೆದುಕೊಳ್ಳೋದಕ್ಕಿಂತ ಉದ್ದ ಮಾಡು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಕೆಲವು ನಿಮಿಷ ಸಾಕು.

ರೇಸ್‌ಗೆ ಮುಂಚೆ ಓಟಗಾರರು ಕಾಯುವ ಕಾಲ್ ರೂಮ್ ಅತಿ ಕಷ್ಟದ ಜಾಗ ಅಂತ ತುಂಬಾ ಮಕ್ಕಳು ನನಗೆ ಹೇಳುತ್ತಾರೆ. ಬಿಬ್, ಸ್ಪೈಕ್ಸ್ ಚೆಕ್ ಮಾಡಿ ಕೂರಿಸುತ್ತಾರೆ. ಎದುರಾಳಿ ಎದುರಿಗೇ ಕೂತಿರುತ್ತಾಳೆ, ಫೋನ್ ಇರುವುದಿಲ್ಲ, ಕೋಚ್ ಇರುವುದಿಲ್ಲ. ಆ ಹೊತ್ತಿಗೆ ಒಂದು ಕೆಲಸ ಇಟ್ಟುಕೋ. ಲೇಸ್ ಬಿಚ್ಚಿ ನಿಧಾನವಾಗಿ ಮತ್ತೆ ಕಟ್ಟು. ಮನಸ್ಸಿನಲ್ಲಿ ‘ಮೆಡಲ್’ ಬೇಡ, ಮೊದಲ 200 ಮೀಟರ್ ಮಾತ್ರ ಇರಲಿ. ಇದನ್ನು ಪ್ರಾಕ್ಟೀಸ್‌ನಲ್ಲೇ ಶುರು ಮಾಡು, ಮೀಟ್ ದಿನ ಹೊಸದಾಗಿ ಮಾಡಿದರೆ ನಿಲ್ಲುವುದಿಲ್ಲ.

ಆದರೆ ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಅನ್ನುವಂಥ ಯೋಚನೆ ಒಂದೇ ಒಂದು ಸಲ ಬಂದರೂ, ಇದು ಓಟದ ವಿಷಯ ಅಂತ ಬಿಡಬೇಡ. 14416ಕ್ಕೆ ಕರೆ ಮಾಡು. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ್ ಹತ್ತಿರ ಹೋಗೋದೂ ಮೊಣಕಾಲಿಗೆ ಫಿಸಿಯೋ ಹತ್ತಿರ ಹೋದಷ್ಟೇ ಸಹಜ.

ಕೇಳಿದವರು

ಎಲ್ಲರ ಮಾತನ್ನೂ ಓದಿದೆ. ಗ್ರೂಪ್ ಮ್ಯೂಟ್ ಮಾಡಿದ್ದೇನೆ. ನಿನ್ನೆ ಸಂಜೆ ಅಪ್ಪನಿಗೆ ಫೋನ್ ಮಾಡಿ ಆ ಅಮ್ಮ ಹೇಳಿಕೊಟ್ಟ ಹಾಗೇ ಹೇಳಿದೆ. ಅಪ್ಪ ತೋಟಕ್ಕೆ ಹಾಕಿದ ಹೊಸ ಪೈಪ್‌ಲೈನ್ ಬಗ್ಗೆ ತುಂಬಾ ಹೊತ್ತು ಮಾತಾಡಿದರು. ರಾತ್ರಿ ಸ್ವಲ್ಪ ನಿದ್ದೆ ಬಂತು. ರಕ್ತ ಪರೀಕ್ಷೆಗೆ ನಾಳೆ ಹೋಗುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ಯೂನಿವರ್ಸಿಟಿ ಮೀಟ್‌ನಲ್ಲಿ 1500ಕ್ಕೂ ಹೆಸರು ಕೊಡಲಾ? ಯಾರಾದರೂ ‘ಈ ಸಲ ಎಷ್ಟನೇ ಸ್ಥಾನ’ ಅಂತ ಕೇಳಿದರೆ ಏನು ಹೇಳಲಿ?

ಮೈಸೂರಿನ ಕೋಚ್

ರಿಪೋರ್ಟ್ ಬರುವವರೆಗೂ ಜೋರು ವರ್ಕೌಟ್ ಬೇಡ, ಜಾಗಿಂಗ್ ಸಾಕು. ಹಿಮೋಗ್ಲೋಬಿನ್ ಕಡಿಮೆ ಬಂದರೆ ಡಾಕ್ಟರ್ ಹೇಳಿದ್ದು ಮೊದಲು, ಮೀಟ್ ಆಮೇಲೆ. ಎಲ್ಲ ಸರಿ ಇದ್ದರೆ ಟೈಮ್‌ಟೇಬಲ್ ನೋಡು. 1500 ಮೊದಲ ದಿನ ಇದ್ದು, 800 ಹೀಟ್ಸ್ ಮರುದಿನ ಇದ್ದರೆ ಧಾರವಾಡದವರು ಹೇಳಿದ ಹಾಗೆ ಹೆಸರು ಕೊಡು. ನಿನ್ನಿಂದ ಯಾರೂ ಏನೂ ನಿರೀಕ್ಷಿಸದ ಒಂದು ರೇಸ್ ಮೊದಲು ಸಿಕ್ಕಿದರೆ ಒಳ್ಳೆಯದೇ. ಎರಡೂ ಒಂದೇ ದಿನ ಇದ್ದರೆ 800 ಮಾತ್ರ.

ಸ್ಥಾನ ಕೇಳಿದವರಿಗೆ ‘ಬೆಲ್ ಹೊಡೆಯುವಾಗ 66’ ಅಂತ ಹೇಳು, ಅಂದರೆ ಮೊದಲ ಲ್ಯಾಪ್ ಮುಗಿದಾಗ 66 ಸೆಕೆಂಡ್. ಅರ್ಥ ಆಗದಿದ್ದರೆ ಬಿಡು. ನಿನ್ನ ಕೋಚ್‌ಗೂ ಇದನ್ನೇ ಹೇಳಿ, 200 ಮೀಟರ್ ಗುರುತಿನ ಹತ್ತಿರ ನಿಂತು ಟೈಮ್ ಕೂಗಲು ಒಬ್ಬರನ್ನು ಈಗಲೇ ಗೊತ್ತು ಮಾಡಿಕೋ.