ಐದು ಸಾವಿರದೊಳಗೆ ಇಂಟರಾಕ್ಟಿವ್ ಬೋರ್ಡ್ ಆಗುತ್ತದಾ? ಮಾಡಿ ನೋಡಿದವರು ಹೇಳಿ

ಚಿತ್ತಾಪುರ ತಾಲ್ಲೂಕಿನ ಗಣಿತ ಶಿಕ್ಷಕಿ ಕೇಳಿದ್ದು

ನಮ್ಮ ಹೈಸ್ಕೂಲಿಗೆ ಹಳೆ ವಿದ್ಯಾರ್ಥಿಗಳು ಒಂದು ಪ್ರೊಜೆಕ್ಟರ್ ಕೊಡಿಸಿದ್ದಾರೆ. ಲ್ಯಾಪ್‌ಟಾಪ್ ಇದೆ. ಇಂಟರಾಕ್ಟಿವ್ ಬೋರ್ಡಿಗೆ (ಮೇಲೆ ಬರೆದರೆ, ಒತ್ತಿದರೆ ಕಂಪ್ಯೂಟರ್ ಕೇಳುವ ಬೋರ್ಡ್) ಕೊಟೇಷನ್ ತರಿಸಿದರೆ ಲಕ್ಷದ ಮೇಲೆ ಹೋಯಿತು, ಅಲ್ಲಿಗೇ ಬಿಟ್ಟೆ. ವಿಡಿಯೊ ಗೇಮಿನ ರಿಮೋಟ್ ಇಟ್ಟುಕೊಂಡು ಗೋಡೆಯನ್ನೇ ಬೋರ್ಡ್ ಮಾಡಬಹುದು ಅಂತ ಒಬ್ಬರು ಹೇಳಿದರು. ನಿಜವಾ? ಕೋಣೆಯಲ್ಲಿ 52 ಮಕ್ಕಳು, ಪಶ್ಚಿಮಕ್ಕೆ ದೊಡ್ಡ ಕಿಟಕಿ, ಕರೆಂಟ್ ಬಂದು ಹೋಗುತ್ತಿರುತ್ತದೆ. ಐದು ಸಾವಿರ ರೂಪಾಯಿ ಹೊಂದಿಸಬಲ್ಲೆ.

ಕಲಬುರಗಿಯ ವಿಜ್ಞಾನ ಶಿಕ್ಷಕ

ನಿಜ ಮೇಡಂ. ನಾನು ಮಾಡಿದ್ದೇನೆ. ಮೂರು ಸಲ ಕೆಡಿಸಿ ನಾಲ್ಕನೇ ಸಲಕ್ಕೆ ಸರಿ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ರಿಮೋಟ್ ನಿಂಟೆಂಡೊ ಕಂಪನಿಯ ವೀ ಗೇಮಿನದು. ಅದರ ಮೂತಿಯಲ್ಲಿ ಒಂದು ಸಣ್ಣ ಕ್ಯಾಮೆರಾ ಇದೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಮಾತ್ರ ಅದಕ್ಕೆ ಕಾಣುತ್ತದೆ. ಒಂದೇ ಸಲಕ್ಕೆ ನಾಲ್ಕು ಚುಕ್ಕಿಗಳನ್ನು ಹಿಂಬಾಲಿಸಿ, ಎಲ್ಲಿವೆ ಅಂತ ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. 2007ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾನಿ ಲೀ ಇದನ್ನು ತಿರುಗಾಮುರುಗಾ ಮಾಡಿದರು. ರಿಮೋಟನ್ನು ಕದಲದ ಹಾಗೆ ಒಂದು ಕಡೆ ಇಟ್ಟು, ತುದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ ಇರುವ ಪೆನ್ನನ್ನು ಕೈಗೆ ತಗೊಂಡರು. ಪೆನ್ನು ಗೋಡೆಯ ಮೇಲೆ ಎಲ್ಲಿ ಹೊತ್ತಿಕೊಳ್ಳುತ್ತದೋ ಅಲ್ಲಿ ಮೌಸ್ ಒತ್ತಿದ ಹಾಗೆ. ಇಷ್ಟೇ ವಿದ್ಯೆ.

ಪೆನ್ನು ಮಾಡೋದು ಅರ್ಧ ಗಂಟೆಯ ಕೆಲಸ. ಒಣಗಿದ ಮಾರ್ಕರ್ ಪೆನ್ನು, 940 ನ್ಯಾನೋಮೀಟರ್ ಎಲ್‌ಇಡಿ, ಒಂದು ಎಎ ಸೆಲ್, ಒಂದು ಒತ್ತುವ ಸ್ವಿಚ್. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಒಂದೇ ಸೆಲ್ ಆದರೆ 1.5 ವೋಲ್ಟ್, ರೆಸಿಸ್ಟರ್ (ಕರೆಂಟ್ ಹರಿವನ್ನು ತಗ್ಗಿಸುವ ಸಣ್ಣ ಬಿಡಿಭಾಗ) ಬೇಡ. ಬೆಳಕು ಜಾಸ್ತಿ ಬರಲಿ ಅಂತ ನಾನು ಎರಡು ಸೆಲ್ ಹಾಕಿ ಮೊದಲ ಎಲ್‌ಇಡಿ ಸುಟ್ಟೆ. ಎರಡು ಹಾಕುವುದಾದರೆ ನಡುವೆ 33 ಓಮ್ ರೆಸಿಸ್ಟರ್ ಇರಲಿ. ಪೆನ್ನು ಹೊತ್ತುತ್ತಿದೆಯೋ ಇಲ್ಲವೋ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಸಾಮಾನ್ಯವಾಗಿ ನೇರಳೆ ಬಣ್ಣದ ಚುಕ್ಕಿ ಕಾಣುತ್ತದೆ. ಮಕ್ಕಳಿಗೆ ಇದನ್ನೇ ಮೊದಲ ಪಾಠ ಮಾಡಿದೆ. ಟಿವಿ ರಿಮೋಟ್ ತಂದು ತಾವೂ ನೋಡಿಕೊಂಡರು.

ಸ್ವಿಚ್ಚನ್ನು ಹೆಬ್ಬೆರಳಿನ ಹತ್ತಿರ ಕೂರಿಸಬೇಡಿ, ಪೆನ್ನಿನ ತುದಿಗೇ ಕೂರಿಸಿ. ಗೋಡೆಗೆ ಒತ್ತಿದಾಗ ಮಾತ್ರ ಹೊತ್ತಿಕೊಳ್ಳಬೇಕು. ಹೆಬ್ಬೆರಳಿನ ಸ್ವಿಚ್ ಇದ್ದರೆ ಮಕ್ಕಳು ಬರೆಯುವ ಮೊದಲೇ ಒತ್ತಿ, ಬರೆದ ಮೇಲೂ ಬಿಡುವುದಿಲ್ಲ. ‘ಕ’ ಬರೆಯಲು ಹೋದರೆ ಜೇಡರ ಬಲೆ ಆಗುತ್ತದೆ.

ಇನ್ನು ನಿಜವಾದ ತಲೆನೋವು. ರಿಮೋಟನ್ನು ಎಲ್ಲಿ ಇಡುತ್ತೀರಿ?

ನಾನು ಮೊದಲು ಬೆಂಚಿನ ಮೇಲೆ ಪುಸ್ತಕ ಪೇರಿಸಿ ಇಟ್ಟೆ. ಒಬ್ಬ ಹುಡುಗ ಬೆಂಚಿಗೆ ಮೊಣಕಾಲು ತಾಗಿಸಿದ, ಕ್ಯಾಲಿಬ್ರೇಷನ್ ಹೋಯಿತು. ಕ್ಯಾಲಿಬ್ರೇಷನ್ ಅಂದರೆ ಗೋಡೆಯ ಮೇಲೆ ಬಿದ್ದ ಚಿತ್ರದ ನಾಲ್ಕು ಮೂಲೆಗಳನ್ನು ಪೆನ್ನಿನಿಂದ ಒತ್ತಿ ತೋರಿಸುವುದು. ಒಂದು ನಿಮಿಷದ ಕೆಲಸ. ಆದರೆ ರಿಮೋಟ್ ಅಥವಾ ಪ್ರೊಜೆಕ್ಟರ್ ಕೂದಲೆಳೆ ಕದಲಿದರೂ ಮತ್ತೆ ಮಾಡಬೇಕು. 40 ನಿಮಿಷದ ಪೀರಿಯಡ್‌ನಲ್ಲಿ ಮೂರು ಸಲ ಮಾಡಿದರೆ ಮಕ್ಕಳು ನಿಮ್ಮ ಕೈ ಬಿಟ್ಟು ಹೋಗುತ್ತಾರೆ, ಅಲ್ವಾ? ಎರಡನೇ ಸಲ ಟ್ರೈಪಾಡ್ ತಂದೆ. ಬೋರ್ಡಿನ ಮುಂದೆ ನಿಂತರೆ ನನ್ನ ಬೆನ್ನೇ ಪೆನ್ನಿಗೆ ಅಡ್ಡ. ರಿಮೋಟಿಗೆ ಕಾಣದಿದ್ದರೆ ಗೆರೆ ಅಲ್ಲೇ ತುಂಡಾಗುತ್ತದೆ. ಮೂರನೇ ಸಲ ರಿಮೋಟನ್ನು ಪಕ್ಕದ ಗೋಡೆಗೆ ಕೂರಿಸಿದೆ. ಸಂಜೆ ಬಿಸಿಲು ಬಿದ್ದ ಕೂಡಲೇ ಮೌಸ್ ಹುಚ್ಚು ಹಿಡಿದ ಹಾಗೆ ಕುಣಿಯಿತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಹಳೇ ಹಳದಿ ಬಲ್ಬಿನಲ್ಲೂ ಇದೆ. (ಎರಡು ಮೇಣದಬತ್ತಿ ಹಚ್ಚಿಟ್ಟರೂ ಈ ರಿಮೋಟಿಗೆ ಎರಡು ಚುಕ್ಕಿ ಕಾಣುತ್ತದೆ, ಮಜವಾಗಿದೆ ಮಾಡಿ ನೋಡಿ.) ಎಲ್‌ಇಡಿ ಟ್ಯೂಬ್‌ಲೈಟಿನಿಂದ ನನಗೆ ತೊಂದರೆ ಆಗಲಿಲ್ಲ.

ಕೊನೆಗೆ ಪ್ರೊಜೆಕ್ಟರ್ ನೇತುಹಾಕಿದ ಕಬ್ಬಿಣದ ಪೈಪಿಗೇ ಒಂದು ಅಡ್ಡ ಪಟ್ಟಿ ಬೆಸುಗೆ ಹಾಕಿಸಿ, ರಿಮೋಟನ್ನು ಮೇಲಿನಿಂದ ಓರೆಯಾಗಿ ಕೆಳಗೆ ನೋಡುವ ಹಾಗೆ ಕಟ್ಟಿದೆ. ಒಂದು ವರ್ಷದ ಮೇಲಾಯಿತು, ವಾರಕ್ಕೊಮ್ಮೆ ಮಾತ್ರ ಕ್ಯಾಲಿಬ್ರೇಷನ್. ನಿಮ್ಮ ಕಿಟಕಿ ಪಶ್ಚಿಮಕ್ಕೆ ಇದೆ ಅಂದಿರಿ. ದಪ್ಪ ಪರದೆ ಹಾಕಿಸದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಕಡೆ ಮಾರ್ಚ್ ಬಿಸಿಲು ಎಂಥದ್ದು ಅಂತ ನಿಮಗೆ ಹೇಳಬೇಕಾ?

ಖರ್ಚು: ಸೆಕೆಂಡ್ ಹ್ಯಾಂಡ್ ರಿಮೋಟಿಗೆ 1,400 ಕೊಟ್ಟೆ. ಪೆನ್ನು ಎರಡು, ಎಲ್ಲ ಸೇರಿ 120. ಬ್ಲೂಟೂತ್ ಡಾಂಗಲ್ 350. ಬೆಸುಗೆಯವನು 300 ತಗೊಂಡ. ಪರದೆ ಬಟ್ಟೆ ಹೊಲಿಸಿದ್ದೇ ಎಲ್ಲಕ್ಕಿಂತ ದುಬಾರಿ, 1,800. ರಿಮೋಟ್ ಕೊಳ್ಳುವಾಗ ಎಚ್ಚರ. ಒಳಗೇ ‘ಮೋಷನ್ ಪ್ಲಸ್’ (ಕೈಯ ಚಲನೆ ಅಳೆಯುವ ಭಾಗ) ಇರುವ ನಂತರದ ಮಾದರಿಗಳಲ್ಲಿ ಕೆಲವು ವಿಂಡೋಸ್ ಜೊತೆ ಸುಲಭವಾಗಿ ಜೋಡಿಯಾಗುವುದಿಲ್ಲ. ಹಳೇ ಸಾದಾ ಮಾದರಿಯಾದರೆ 1 ಮತ್ತು 2ರ ಗುಂಡಿ ಒಟ್ಟಿಗೆ ಒತ್ತಿ, ಜೋಡಿಸಿ, ಆಯಿತು. ನಕಲಿಯೂ ಬರುತ್ತದೆ. ಹಣ ಕೊಡುವ ಮೊದಲು ಲ್ಯಾಪ್‌ಟಾಪಿಗೆ ಜೋಡಿಸಿ ತೋರಿಸು ಅನ್ನಿ.

ರಿಮೋಟ್ ಹೇಳಿದ್ದನ್ನು ಮೌಸ್ ಆಗಿಸಲು ವಿಂಡೋಸಿಗೆ ಸ್ಮೂತ್‌ಬೋರ್ಡ್, ಲಿನಕ್ಸಿಗೆ ಪೈಥಾನ್-ವೈಟ್‌ಬೋರ್ಡ್ ಅಂತ ತಂತ್ರಾಂಶಗಳಿವೆ. ಬರೆಯಲು ಓಪನ್‌ಬೋರ್ಡ್ ಹಾಕಿಕೊಳ್ಳಿ, ಉಚಿತ. ಕೈಬರಹ ಆದ್ದರಿಂದ ಕನ್ನಡ ಫಾಂಟಿನ ಗೋಳೇ ಇಲ್ಲ.

ಸುರಪುರ ಕಡೆಯ ಪ್ರಾಥಮಿಕ ಶಾಲೆ ಶಿಕ್ಷಕಿ

ಸರ್ ಹೇಳಿದ್ದೆಲ್ಲ ಸರಿ, ಆದರೆ ನನ್ನ ಅನುಭವ ಬೇರೆ. ನಾನೂ ರಿಮೋಟ್ ತರಿಸಿದ್ದೆ, ಈಗ ಕಪಾಟಿನಲ್ಲಿದೆ. 52 ಮಕ್ಕಳಲ್ಲಿ ಒಬ್ಬಳು ಬೋರ್ಡಿನ ಹತ್ತಿರ ಬಂದು ಬರೆದು ಹೋಗುವಷ್ಟರಲ್ಲಿ ಉಳಿದ 51 ಮಕ್ಕಳು ಗದ್ದಲ ಮಾಡುತ್ತಿರುತ್ತಾರೆ. ನಾನು ಸುಮ್ನೆ ಒಂದು ವೈರ್‌ಲೆಸ್ ಮೌಸ್ ತಗೊಂಡೆ, 450 ರೂಪಾಯಿ. ಅದನ್ನು ಒಂದು ರಟ್ಟಿನ ಮೇಲಿಟ್ಟು ಬೆಂಚಿನಿಂದ ಬೆಂಚಿಗೆ ದಾಟಿಸುತ್ತೇನೆ. ಹಿಂದಿನ ಬೆಂಚಿನ ಹುಡುಗನೂ ಕೂತಲ್ಲಿಂದಲೇ ಭಿನ್ನರಾಶಿಯ ತುಂಡನ್ನು ಎಳೆದು ಜೋಡಿಸುತ್ತಾನೆ. ಬರೆಯಲೇಬೇಕು ಅಂದರೆ ಯುಎಸ್‌ಬಿ ಪೆನ್ ಟ್ಯಾಬ್ಲೆಟ್ (ಲ್ಯಾಪ್‌ಟಾಪಿಗೆ ಜೋಡಿಸಿ ಪೆನ್ನಿನಲ್ಲಿ ಬರೆಯುವ ಸಣ್ಣ ಹಲಗೆ) ಸಿಗುತ್ತದೆ, ನಿಮ್ಮ ಐದು ಸಾವಿರದಲ್ಲೇ ಬರುತ್ತದೆ. ಮಕ್ಕಳ ಕಡೆ ಮುಖ ಮಾಡಿಯೇ ಬರೆಯಬಹುದು. ನೆರಳಿಲ್ಲ, ಬಿಸಿಲಿನ ಕಾಟವಿಲ್ಲ, ಬೆಸುಗೆಯವನ ಹಿಂದೆ ತಿರುಗುವುದೂ ಇಲ್ಲ.

ಕಲಬುರಗಿಯ ವಿಜ್ಞಾನ ಶಿಕ್ಷಕ

ಒಪ್ಪುತ್ತೇನೆ, ಅರ್ಧ. ಮೌಸಿನಿಂದ ಎಳೆಯುವುದು ಸರಿ, ಆದರೆ ನಕಾಶೆಯ ಮೇಲೆ ಗೆರೆ ಎಳೆದು ನೋಡಿ. ಖಾಲಿ ನಕಾಶೆ ಹಾಕಿ ‘ಭೀಮಾ ಹೊಳೆ ತೋರಿಸು’ ಅಂದೆ. ಅಫಜಲಪುರದ ಹುಡುಗಿಯೊಬ್ಬಳು ಭೀಮಾಶಂಕರದಿಂದ ಪೆನ್ನಿಟ್ಟು, ತನ್ನ ಊರಿನ ಹತ್ತಿರ ಸ್ವಲ್ಪ ನಿಂತು, ಯಾದಗಿರಿ ದಾಟಿಸಿ ಕೃಷ್ಣೆಗೆ ತಂದು ಸೇರಿಸಿದಳು. ಅವಳ ಕೈ ಪೂರ್ತಿ ಚಾಚಿತ್ತು. ಅದು ಮೌಸಿನಲ್ಲಿ ಬರುವುದಿಲ್ಲ ಮೇಡಂ.

ಬೀದರ್, ಖಾಸಗಿ ಶಾಲೆಯ ಕಂಪ್ಯೂಟರ್ ಶಿಕ್ಷಕ

ನಮ್ಮಲ್ಲಿ ದೊಡ್ಡ ಟಿವಿ ಮೊದಲೇ ಇತ್ತು. ಅದಕ್ಕೆ ಇನ್‌ಫ್ರಾರೆಡ್ ಟಚ್ ಫ್ರೇಮ್ ಹಾಕಿದೆವು. ಒಂದು ಅಂಚಿನಿಂದ ಎದುರಿನ ಅಂಚಿಗೆ ಕಾಣದ ಬೆಳಕಿನ ಬಲೆ ಹರಿಯುತ್ತಿರುತ್ತದೆ, ಬೆರಳು ಅಡ್ಡ ಬಂದರೆ ಜಾಗ ಗೊತ್ತಾಗುತ್ತದೆ. ಪೆನ್ನೂ ಬೇಡ, ಯುಎಸ್‌ಬಿ ಚುಚ್ಚಿದರೆ ಮುಗಿಯಿತು. ಐದು ಸಾವಿರದಲ್ಲಿ ಬರುವುದಿಲ್ಲ, ಅದು ಬೇರೆ ಮಾತು. ಒಂದು ಎಚ್ಚರಿಕೆ: ಪಕ್ಕದಲ್ಲೇ ಸೀಮೆಸುಣ್ಣದ ಬೋರ್ಡ್ ಇದ್ದರೆ ಕೆಳಗಿನ ಅಂಚಿನಲ್ಲಿ ಪುಡಿ ಕೂತು ತಾನೇ ಒತ್ತಿಕೊಳ್ಳುತ್ತದೆ. ಒಂದು ದಿನ ನೊಣ ಬಂದು ಕೂತು ಪಾಠದ ಪುಟ ತಿರುಗಿಸಿತು. ಇಡೀ ಕ್ಲಾಸ್ ಚಪ್ಪಾಳೆ ಹೊಡೆಯಿತು.

ಕಲಬುರಗಿ, ಇಂಜಿನಿಯರಿಂಗ್ ವಿದ್ಯಾರ್ಥಿ

ರಿಮೋಟ್ ಸಿಗದಿದ್ದರೆ ಹಳೇ ವೆಬ್‌ಕ್ಯಾಮ್ ಸಾಕು. ಲೆನ್ಸ್ ಬಿಚ್ಚಿ ಒಳಗಿನ ಇನ್‌ಫ್ರಾರೆಡ್ ತಡೆಯುವ ಗಾಜಿನ ಚೂರು ತೆಗೆಯಿರಿ. ಅದರ ಜಾಗಕ್ಕೆ ತೊಳೆದ ಕಲರ್ ಫಿಲ್ಮ್ ರೋಲಿನ ಪೂರ್ತಿ ಕಪ್ಪಾದ ತುದಿ ಎರಡು ಪದರ ಹಾಕಿ. ಅದು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ ಬಿಡುತ್ತದೆ. ನಮ್ಮ ಓಣಿಯ ಹಳೇ ಫೋಟೊ ಸ್ಟುಡಿಯೊದವರು ಪುಕ್ಕಟೆ ಕೊಟ್ಟರು, ‘ಇದನ್ನೂ ಕೇಳುವವರು ಇದ್ದಾರಾ’ ಅಂತ ನಕ್ಕರು. ಆದರೆ ವೆಬ್‌ಕ್ಯಾಮ್ ಸೆಕೆಂಡಿಗೆ 30 ಚಿತ್ರ ಹಿಡಿದರೆ ಆ ರಿಮೋಟ್ ಸುಮಾರು 100 ಸಲ ನೋಡುತ್ತದೆ. ಜೋರಾಗಿ ಬರೆದರೆ ವೆಬ್‌ಕ್ಯಾಮಿನ ಗೆರೆ ಹಿಂದೆ ಬೀಳುತ್ತದೆ.

ಕಲಬುರಗಿಯ ವಿಜ್ಞಾನ ಶಿಕ್ಷಕ

ಎರಡು ಮಾತು ಬಿಟ್ಟಿದ್ದೆ. ಹೊಳೆಯುವ ವೈಟ್‌ಬೋರ್ಡಿನ ಮೇಲೆ ಪ್ರೊಜೆಕ್ಟರ್ ಬಿಡಬೇಡಿ, ನಡುವೆ ಬಿಳಿ ಸೂರ್ಯ ಹುಟ್ಟಿದ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಹೊಳಪಿಲ್ಲದ ಬಿಳಿ ಬಣ್ಣ ಬಳಿದ ಗೋಡೆಯೇ ಚೆನ್ನ. ಮತ್ತೆ ಕರೆಂಟ್. ಪ್ರೊಜೆಕ್ಟರಿನಲ್ಲಿ ಲ್ಯಾಂಪ್ ಇದ್ದರೆ ಫ್ಯಾನ್ ನಿಲ್ಲುವ ತನಕ ತಣ್ಣಗಾಗಲು ಬಿಡಬೇಕು, ದಿಢೀರ್ ಕರೆಂಟ್ ಹೋದರೆ ಲ್ಯಾಂಪಿನ ಆಯಸ್ಸು ಕಡಿಮೆಯಾಗುತ್ತದೆ. ಸಣ್ಣ ಯುಪಿಎಸ್ ಇರಲಿ. ತೊಗರಿ ರಾಶಿ ನಡೆಯುವಾಗ ಹಳ್ಳಿ ಶಾಲೆಗಳಲ್ಲಿ ಧೂಳು ವಿಪರೀತ, ಆಗ ಫಿಲ್ಟರನ್ನು ವಾರವಾರ ಜಾಡಿಸಿ.

ಚಿತ್ತಾಪುರದ ಶಿಕ್ಷಕಿ

ಎಲ್ಲರಿಗೂ ಭಾಳ ಥ್ಯಾಂಕ್ಸ್. ನಾಳೆ ಮೌಸ್ ತರುತ್ತೇನೆ, ಅದರಲ್ಲೇ ಶುರು ಮಾಡುತ್ತೇನೆ. ಪರದೆ ಬಟ್ಟೆಗೆ ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿ) ಕೇಳಿದ್ದೇನೆ. ಅದು ಆದರೆ ರಿಮೋಟ್. ಸರ್, ಆ ಪಟ್ಟಿ ಎಷ್ಟು ಉದ್ದ ಇಟ್ಟಿರಿ?

ಕಲಬುರಗಿಯ ವಿಜ್ಞಾನ ಶಿಕ್ಷಕ

ಒಂದೂವರೆ ಅಡಿ. ಆದರೆ ಬೆಸುಗೆಗೆ ಮೊದಲು ಒಬ್ಬರು ಏಣಿ ಹತ್ತಿ ರಿಮೋಟ್ ಹಿಡಿಯಲಿ, ಇನ್ನೊಬ್ಬರು ನಾಲ್ಕೂ ಮೂಲೆಯಲ್ಲಿ ಪೆನ್ನು ಒತ್ತಲಿ. ನಾಲ್ಕೂ ಚುಕ್ಕಿ ಕಂಡ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಗೇ ಕಟ್ಟಿಸಿ.