ಸಹಾಯ ಬೇಕು: ಅಪ್ಪ ಮಗಳಿಗೆ ಕೊಡುವ ನಗದಿಗೆ 2 ಲಕ್ಷದ ಮಿತಿ ಹೇಗೆ ಲೆಕ್ಕ?

ತೆರಿಗೆ ಕೆಲಸ ಮಾಡುವವರು ಯಾರಾದರೂ ಇದ್ದರೆ ಸ್ವಲ್ಪ ನೋಡಿ. ಅಪ್ಪ ತನ್ನ ಮಗಳಿಗೆ ಮನೆ ಕಟ್ಟಲು 6 ಲಕ್ಷ ಕೊಡಬೇಕು. 3 ಲಕ್ಷ ಬ್ಯಾಂಕ್ ಮೂಲಕ, 3 ಲಕ್ಷ ನಗದು.

ಮಗಳಿಗೆ ತೆರಿಗೆ ಇಲ್ಲ, ಅದು ಸ್ಪಷ್ಟ. 2026ರ ಮಾರ್ಚ್ ತನಕ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ತಂದೆ ತಾಯಿ 'ಸಂಬಂಧಿಕರು'. ಉಡುಗೊರೆ ವರ್ಷಕ್ಕೆ 50,000 ಮೀರಿದರೆ ತೆರಿಗೆ ಎಂಬ ಮಿತಿ ಅವರ ಉಡುಗೊರೆಗೆ ಅನ್ವಯಿಸದು. ಆ ಹಣದ ಬಡ್ಡಿ ಮಾತ್ರ ಮಗಳ ಆದಾಯ. (ಸೊಸೆಗೆ ಕೊಟ್ಟರೆ ಕಥೆಯೇ ಬೇರೆ, ಬಡ್ಡಿ ಮಾವನ ಲೆಕ್ಕಕ್ಕೇ ಸೇರುತ್ತದೆ.)

ತೊಡಕು ಅದೇ ಕಾಯ್ದೆಯ, ನಗದು ಪಡೆಯುವುದಕ್ಕೆ ಮಿತಿ ಹಾಕುವ ಕಲಂ 269ಎಸ್‌ಟಿ. ಒಬ್ಬರಿಂದ ಒಂದೇ ದಿನ ಅಥವಾ ಒಂದೇ ವ್ಯವಹಾರಕ್ಕೆ ಅಥವಾ ಒಂದೇ ಸಂದರ್ಭಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. 1,99,999 ಸರಿ, ಪೂರ್ತಿ 2 ಲಕ್ಷ ತಪ್ಪು. ದಂಡ ಪಡೆದಷ್ಟೇ ಮೊತ್ತ, ಅದೂ ಪಡೆದವರಿಗೆ, ಅಂದರೆ ಮಗಳಿಗೆ. ಸಾಲ ಅಂತ ಬರೆದು ಪಾರಾಗೋಣ ಅಂದರೆ ನಗದು ಸಾಲಕ್ಕೆ ಮಿತಿ ಹಾಕುವ ಕಲಂ 269ಎಸ್‌ಎಸ್ ಕಾದು ಕೂತಿದೆ, ಅಲ್ಲಿ ಮಿತಿ ಬರೀ 20,000.

ಪ್ರಶ್ನೆಗಳು ಇಷ್ಟೇ. 1.5 ಲಕ್ಷದಂತೆ ಎರಡು ತಿಂಗಳಲ್ಲಿ ಕೊಟ್ಟರೂ, ಉಡುಗೊರೆ ಪತ್ರದಲ್ಲಿ 'ಮನೆ ಕಟ್ಟಲು' ಎಂದಿದ್ದರೆ ಅದು ಒಂದೇ ಸಂದರ್ಭವೇ? ಎರಡು ಪತ್ರ ಬೇಕೇ? ನಗದಿನ ಮೂಲ ತೋರಿಸಲು ಅಪ್ಪನ ಪಾಸ್‌ಬುಕ್‌ನಲ್ಲಿ ಹಣ ತೆಗೆದ ದಾಖಲೆ ಸಾಕೇ? ರಿಟರ್ನ್‌ನಲ್ಲಿ ವಿನಾಯಿತಿ ಆದಾಯದ ಕಾಲಂನಲ್ಲಿ ತೋರಿಸುತ್ತೀರಾ? 'ಎಲ್ಲ ಚೆಕ್‌ನಲ್ಲೇ ಕೊಡಿ' ಅನ್ನುವ ಸಲಹೆ ಗೊತ್ತು. ನೋಟಿಸ್‌ಗೆ ಉತ್ತರಿಸಿದ ಅನುಭವ ಇದ್ದವರು ಬರೆದರೆ ಉಪಕಾರ.